ಹಲ್ಲಕ್ಕ ತನ್ನ ಕಾರಿಗೆ ಸ್ಪ್ರಿಂಗ್ ಆರಿಸಿದ್ದು

ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಅವಳು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಆ ಬಾಯಿಗೆ ಹೊಂದುವ ಹಲ್ಲುಸೆಟ್ಟು ಮಾಡಿಕೊಡುವುದು ಅವಳ ಕಸುಬು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಲ್ಯಾಬು. ಒಂದರಲ್ಲಿ ಪ್ಲಾಸ್ಟರಿನ ಧೂಳು, ಇನ್ನೊಂದರಲ್ಲಿ ಕಾದ ಮೇಣದ ವಾಸನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಯಾರ್ಯಾರದೋ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕುಳಿತಿರುತ್ತಿದ್ದವು. ಹೊಸಬರು ಮೆಟ್ಟಿಲು ಹತ್ತಿ ಬಂದು ಅದನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟರೆ, “ಬನ್ನಿ, ಕಚ್ಚಲ್ಲ” ಎನ್ನುತ್ತಿದ್ದಳು.

ಕೆಳಗೆ ರಸ್ತೆಯಲ್ಲಿ ನಿಲ್ಲುತ್ತಿದ್ದ ಅವಳ ಕಾರನ್ನು ನೋಡಿದವರಿಗೆ ಅದು ಇವಳದೆಂದು ನಂಬಲು ಇನ್ನಷ್ಟು ಕಷ್ಟವಾಗುತ್ತಿತ್ತು. ಕಡುಹಸಿರು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ಅದನ್ನು ಅವಳು ಯಾರಿಂದಲೋ ಕೊಂಡದ್ದು, ಲ್ಯಾಬು ತನ್ನ ಸ್ವಂತದ್ದಾದ ವರ್ಷ. ಅವಳ ಅಪ್ಪ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದವರು. ಚಿಕ್ಕವಳಿದ್ದಾಗ ಶಾಲೆಗೆ ರಜೆ ಬಂತೆಂದರೆ ಅಪ್ಪನ ಪಕ್ಕದ ಎಂಜಿನ್ ಡಬ್ಬದ ಮೇಲೆ ಕುಳಿತು ಊರೂರು ಸುತ್ತುತ್ತಿದ್ದಳು. ಬೆಟ್ಟದ ರಸ್ತೆಯಲ್ಲಿ ಬಸ್ಸು ಏದುಸಿರು ಬಿಡುತ್ತ ಹತ್ತುವಾಗ ಇಂಥದೊಂದು ಪುಟ್ಟ ಕಾರು ಹಿಂದಿನಿಂದ ಬಂದು, ತಿರುವಿನಲ್ಲಿ ಮೈ ಬಾಗಿಸದೆ ಸುಯ್ಯೆಂದು ಮಾಯವಾಗಿಬಿಡುತ್ತಿತ್ತು. ಅಪ್ಪ ಬೈಯುತ್ತಿದ್ದರು. ಮಗಳು ಕತ್ತು ಚಾಚಿ ನೋಡುತ್ತಿದ್ದಳು. ನಲವತ್ತು ದಾಟಿದ ಮೇಲೆ ಅಂಥ ಕಾರು ಕೈಗೆ ಬಂದಾಗ ಅದನ್ನು ಹೊದಿಕೆ ಹೊದಿಸಿ ಮೂಲೆಯಲ್ಲಿಡಲು ಅವಳು ಒಪ್ಪಲಿಲ್ಲ. ಲ್ಯಾಬಿಗೂ ಅದೇ, ತರಕಾರಿಗೂ ಅದೇ, ಡಾಕ್ಟರುಗಳಿಗೆ ಹಲ್ಲು ತಲುಪಿಸುವುದಕ್ಕೂ ಅದೇ.

ಅವಳ ಗಂಡ ಲೈಬ್ರರಿಯಲ್ಲಿ ಕೆಲಸ ಮಾಡುವ ಮೆತ್ತನೆ ಮನುಷ್ಯ, ಉದ್ದ ಕಾಲಿನವನು. ಆ ಕಾರಿನಲ್ಲಿ ಕುಳಿತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. “ಇದರಲ್ಲಿ ಕೂತ್ಕೊಳ್ಳೋದಲ್ಲ, ತೊಟ್ಕೊಳ್ಳೋದು” ಎಂದು ಹೇಳಿ ತನ್ನ ಪಾಡಿಗೆ ಸೈಕಲ್ ಹತ್ತಿ ಹೋಗುತ್ತಿದ್ದ.

ಹೀಗಾಗಿ ಪಕ್ಕದ ಸೀಟು ಅಪ್ಪನದಾಯಿತು. ಜೀವಮಾನವೆಲ್ಲ ಸ್ಟೀರಿಂಗ್ ಹಿಡಿದದ್ದಕ್ಕೆ ಬೆನ್ನುಮೂಳೆ ಬಡ್ಡಿಸಮೇತ ವಸೂಲಿಗೆ ನಿಂತಿತ್ತು. ಆಪರೇಷನ್ ಆದ ಮೇಲೆ ಡಾಕ್ಟರು ಅವರಿಗೆ ದಿನವೂ ಈಜುಕೊಳಕ್ಕೆ ಹೋಗಿ ನೀರಿನಲ್ಲಿ ನಡೆಯುವ ವ್ಯಾಯಾಮ ಹೇಳಿದ್ದರು. ಕೊಳ ಲ್ಯಾಬಿನ ದಾರಿಯಲ್ಲೇ ಇತ್ತು. ಬೆಳಿಗ್ಗೆ ಮಗಳು ಅಪ್ಪನನ್ನು ಇಳಿಸಿ ಮುಂದೆ ಹೋಗುವಳು. ಅಪ್ಪ ಕಾರಿನಿಂದ ಏಳುವಾಗ ಬಾಗಿಲಿನ ಚೌಕಟ್ಟು ಹಿಡಿದು ಒಂದು ಗಳಿಗೆ ಸುಧಾರಿಸಿಕೊಂಡು, “ಹೋಗು ಪುಟ್ಟಿ, ನಿನಗೆ ಹೊತ್ತಾಯ್ತು” ಎನ್ನುವರು. ಐವತ್ತರ ಹೊಸ್ತಿಲಲ್ಲಿದ್ದ ಮಗಳು ಅವರಿಗೆ ಇನ್ನೂ ಪುಟ್ಟಿಯೇ.

ಒಂದು ದಿನ ಕಾರಿನ ಹಿಂದಿನ ಚಕ್ರದ ಒಳಗೆ ಎಣ್ಣೆ ಇಳಿದಿರುವುದು ಕಂಡಿತು. ಅಷ್ಟರಲ್ಲಾಗಲೇ ಕಾರು ಒಂದು ಹಳ್ಳಕ್ಕೆ ಇಳಿದರೆ ಮೂರು ಸಲ ಕುಣಿದು ಆಮೇಲೆ ನೆಲಕ್ಕೆ ಬರುತ್ತಿತ್ತು. ಅವಳು ಕಾರನ್ನು ಗ್ಯಾರೇಜಿಗೆ ಒಯ್ದಳು. ಗ್ಯಾರೇಜಿನ ಯಜಮಾನನಿಗೆ ಊರವರಿಟ್ಟ ಹೆಸರು ರೇಡಿಯೋ. ಕಾರಿನ ಕೆಳಗೆ ಮಲಗಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಗಿರಾಕಿ ಹೋದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು ಎಂದು ಹೇಳುವವರಿದ್ದರು.

“ಮೇಡಂ, ನಾಲ್ಕೂ ಶಾಕ್ ಅಬ್ಸಾರ್ಬರ್ ಮುಗಿದಿವೆ” ಎಂದ ರೇಡಿಯೋ. “ಈಗ ಕಾರು ಬರೀ ಸ್ಪ್ರಿಂಗ್ ಮೇಲೆ ನಿಂತಿದೆ. ಸ್ಪ್ರಿಂಗ್ ಕುಣಿಸತ್ತೆ, ಶಾಕ್ ಆ ಕುಣಿತ ನಿಲ್ಲಿಸತ್ತೆ. ನಿಮ್ಮಲ್ಲಿ ನಿಲ್ಲಿಸೋರೇ ಇಲ್ಲ. ಕಂಪನಿ ಮಾಲೇ ಹಾಕ್ಸಿ, ಇಲ್ಲಾಂದ್ರೆ ಬೇರೆಯವರು ಮಾಡೋ ಸೆಟ್ಟುಗಳಿವೆ, ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಏನು ಬೇಕು ಅಂತ ನೀವು ಹೇಳ್ಬೇಕು.”

ಏನು ಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳ ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ವಾರವೆಲ್ಲ ಫ್ರಿಜ್ಜು, ವಾಷಿಂಗ್ ಮೆಷಿನ್ ಮಾರುತ್ತಿದ್ದವನು, ಭಾನುವಾರ ಬಂದರೆ ಅಕ್ಕನದೇ ಮಾದರಿಯ ತನ್ನ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ಯುತ್ತಿದ್ದ. ಅಕ್ಕನ ಕಾರಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫೋನಿನ ತುಂಬ ಚಿತ್ರಗಳನ್ನು ಹೊತ್ತುಕೊಂಡು ಬಂದ.

“ಅಕ್ಕಾ, ಇದನ್ನೇ ಹಾಕ್ಸು. ಸ್ಪ್ರಿಂಗು ಶಾಕು ಎರಡೂ ಒಂದೇ ಕಂಬದಲ್ಲಿ ಬರತ್ತೆ, ಕಾರನ್ನ ಎಷ್ಟು ಬೇಕೋ ಅಷ್ಟು ತಗ್ಗಿಸ್ಬಹುದು. ತಿರುವಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗತ್ತೆ. ನೋಡೋಕೂ ಏನು ಗತ್ತು ಅಂತೀಯ.”

ಹಳಿ ಮೇಲೆ ಹೋದ ಹಾಗೆ ಎಂಬ ಮಾತು ಅವಳ ಮನಸ್ಸಿಗೆ ನಾಟಿತು. ತಮ್ಮ ಹೇಳಿದ ಸೆಟ್ಟನ್ನೇ ತರಿಸಿದಳು. ಕಾರು ಗ್ಯಾರೇಜಿನಿಂದ ಹೊರಬಂದಾಗ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ತೂರಿಸುವಷ್ಟು ಜಾಗ ಇತ್ತು. ತಮ್ಮ ಸುತ್ತಲೂ ಓಡಾಡಿ ಫೋಟೋ ತೆಗೆದ. ಅವಳಿಗೂ ಹೆಮ್ಮೆಯಾಗದೆ ಇರಲಿಲ್ಲ.

ಆ ಹೆಮ್ಮೆ ಮನೆಯ ಓಣಿಯವರೆಗೂ ಬಾಳಿಕೆ ಬರಲಿಲ್ಲ. ಓಣಿಯ ಬಾಯಲ್ಲಿ ವೇಗ ತಗ್ಗಿಸಲು ಹಾಕಿದ್ದ ಹಂಪಿಗೆ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ಮರುದಿನ ಪೇಟೆಯ ಕಲ್ಲುಹಾಸಿನ ಬೀದಿಯಲ್ಲಿ ಹೋಗುವಾಗ ಕನ್ನಡಿ ಎಷ್ಟು ನಡುಗಿತೆಂದರೆ ಹಿಂದೆ ಬರುವುದು ಕಾರೋ ಲಾರಿಯೋ ತಿಳಿಯುತ್ತಿರಲಿಲ್ಲ. ಮಾತಾಡಿದರೆ ದನಿಯೂ ನಡುಗುತ್ತಿತ್ತು. ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿಟ್ಟ ಒಂದು ಪ್ಲಾಸ್ಟರಿನ ದವಡೆ ಡಾಕ್ಟರ ಮನೆ ತಲುಪುವಷ್ಟರಲ್ಲಿ ಎರಡು ಹೋಳಾಗಿತ್ತು. “ಹೊಸದರಲ್ಲಿ ಬಿಗಿ ಇರತ್ತೆ, ಓಡ್ತಾ ಓಡ್ತಾ ಸಡಿಲ ಆಗತ್ತೆ” ಎಂದು ತಮ್ಮ ಹೇಳಿದ. ಹೊಸ ಚಪ್ಪಲಿಯೂ ಕಚ್ಚುತ್ತದಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಅಪ್ಪ ಮಾತ್ರ ಏನೂ ಹೇಳಲಿಲ್ಲ. ಕೆಲವು ದಿನ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದವರು ಒಂದು ಬೆಳಿಗ್ಗೆ ಟವೆಲ್ಲನ್ನು ಹೆಗಲ ಚೀಲಕ್ಕೆ ತುರುಕುತ್ತ, “ಇವತ್ತಿಂದ ನಾನು ಬಸ್ಸಲ್ಲಿ ಹೋಗ್ತೀನಿ ಪುಟ್ಟಿ. ಆ ರೂಟಲ್ಲಿ ನಮ್ಮ ಕಾಲದ ಕಂಡಕ್ಟರ್ ಒಬ್ಬ ಇದಾನೆ, ಹರಟೆ ಹೊಡ್ಕೊಂಡು ಹೋಗ್ಬಹುದು” ಎಂದರು. ಸರಿ, ಮುದುಕರಿಗೂ ಜೊತೆ ಬೇಕಲ್ಲ ಎಂದುಕೊಂಡಳು ಅವಳು.

ಆ ವಾರವೇ ಒಂದು ಬೆಳಿಗ್ಗೆ ರೈಲ್ವೆ ಗೇಟು ಮುಚ್ಚಿತ್ತು. ಅವಳ ಕಾರು ಸಾಲಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಒಂದು ಬಸ್ಸು ಬಂದು ನಿಂತಿತು. ಸುಮ್ಮನೆ ತಲೆಯೆತ್ತಿ ನೋಡಿದರೆ ಬಸ್ಸಿನೊಳಗೆ ಅಪ್ಪ. ಬಸ್ಸು ತುಂಬಿರಲಿಲ್ಲ, ಅವರ ಪಕ್ಕದಲ್ಲೇ ಖಾಲಿ ಸೀಟಿತ್ತು. ಆದರೂ ನಿಂತಿದ್ದರು. ಮೇಲಿನ ಸರಳನ್ನು ಎರಡೂ ಕೈಯಿಂದ ಹಿಡಿದು, ಮಂಡಿಯನ್ನು ತುಸು ಮಡಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಹರಟೆ ಹೊಡೆಯುವ ಕಂಡಕ್ಟರು ಯಾರೂ ಅವರ ಬಳಿ ಇರಲಿಲ್ಲ. ರೈಲು ಹಾದುಹೋಗುವ ಸದ್ದಿಗೆ ಅಪ್ಪ ಕಣ್ಣು ಬಿಟ್ಟರು. ಕೆಳಗೆ ಮಗಳು ಕಂಡಳು. ಸಿಕ್ಕಿಬಿದ್ದ ಮಗುವಿನ ಹಾಗೆ ಅವರು ಆಚೆ ಮುಖ ತಿರುಗಿಸಿದರು.

ಸಂಜೆ ಅವಳು ನೇರ ಅಪ್ಪನ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕುಳಿತಳು.

“ಅಪ್ಪಾ, ಬೆನ್ನು ನೋಯ್ತಿದೆಯಾ?”

“ಇದ್ದೇ ಇದೆಯಲ್ಲ.”

“ನನ್ನ ಕಾರಿಂದ ಜಾಸ್ತಿ ಆಯ್ತಾ?”

ಅಪ್ಪ ಸ್ವಲ್ಪ ಹೊತ್ತು ಟವೆಲ್ಲಿನ ಅಂಚು ಸರಿಮಾಡಿದರು. “ಬಸ್ಸಲ್ಲಿ ನಿಂತ್ಕೊಂಡ್ರೆ ಬರೋ ಪೆಟ್ಟನ್ನ ಕಾಲು ತಗೊಳ್ಳತ್ತೆ. ನಿನ್ನ ಕಾರಲ್ಲಿ ಪೂರ್ತಿ ಬೆನ್ನೇ ತಗೋಬೇಕು.”

“ನಂಗೆ ಹೇಳ್ಬಾರ್ದಿತ್ತಾ?”

“ನೀನು ಆಸೆಪಟ್ಟು ಹಾಕಿಸ್ಕೊಂಡಿದ್ದೆ. ನಾನು ಮುಖ ಕಿವುಚಿದ್ರೆ ನೀನು ತೆಗೆಸಿಬಿಡ್ತಿದ್ದೆ.”

ಊಟದ ಹೊತ್ತಿಗೆ ವಿಷಯ ಗಂಡನಿಗೂ ತಿಳಿಯಿತು. ಅವನು ತಟ್ಟೆ ನೋಡುತ್ತಲೇ ಮೆಲ್ಲಗೆ ಹೇಳಿದ: “ಇದನ್ನ ಮಾರಿ ಎಲ್ಲರ ಹಾಗೆ ಒಂದು ಎತ್ತರದ ಕಾರು ತಗೋಬಹುದಲ್ಲ. ಮಾವನಿಗೂ ಹತ್ತಿ ಇಳಿಯೋಕೆ ಸಲೀಸು.”

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ನೀರು ಕುಡಿದು ಲೋಟ ಕೆಳಗಿಟ್ಟು ಹೇಳಿದಳು: “ರೀ, ಕಾರು ಇದೇ ಇರತ್ತೆ. ಅಪ್ಪ ಅದರಲ್ಲೇ ಕೂರ್ತಾರೆ. ಹೇಗೆ ಅಂತ ನಂಗಿನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೋತೀನಿ.”

ಗಂಡ ಅನ್ನಕ್ಕೆ ಸಾರು ಬಡಿಸಿಕೊಂಡ. ಅವಳು ಆ ದನಿಯಲ್ಲಿ ಮಾತಾಡಿದಾಗ ಎದುರಾಡಿ ಪ್ರಯೋಜನವಿಲ್ಲವೆಂಬುದು ಅವನಿಗೆ ಮದುವೆಯಾದ ಹೊಸತರಲ್ಲೇ ತಿಳಿದಿತ್ತು.

ಮರುದಿನ ಲ್ಯಾಬಿನಲ್ಲಿ ಒಬ್ಬ ಮುದುಕಿಯ ಹಲ್ಲುಸೆಟ್ಟು ವಾಪಸ್ ಬಂದಿತ್ತು, ಕಚ್ಚಿದರೆ ಎಲ್ಲೋ ಒಂದು ಕಡೆ ಒತ್ತುತ್ತದೆಂದು. ಅವಳು ಎಂದಿನಂತೆ ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ತೆಳು ನೀಲಿ ಕಾಗದವಿಟ್ಟು ಒತ್ತಿದಳು. ಎಲ್ಲಿ ಹಲ್ಲು ಹೆಚ್ಚಾಗಿ ತಾಗುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ, ಅಲ್ಲಷ್ಟೇ ಉಜ್ಜಿದರೆ ಸಾಕು. ಗುರುತು ಬಿತ್ತು. ಉಜ್ಜಲು ಯಂತ್ರ ಹಿಡಿದವಳು ಹಾಗೇ ನಿಂತಳು. ಕಾರಿನಲ್ಲೂ ಏನೋ ಏನಕ್ಕೋ ತಾಗುತ್ತಿದೆ. ಏನೆಂದು ನೋಡದೆ ಬಿಗಿ, ಮೆತ್ತಗೆ ಎಂದು ಊಹೆಯಲ್ಲಿ ಮಾತಾಡಿ ಏನು ಬಂತು?

ನೀಲಿ ಕಾಗದದ ಒಂದು ಸುರುಳಿಯನ್ನು ಕೈಚೀಲಕ್ಕೆ ಹಾಕಿಕೊಂಡು ಸಂಜೆ ಗ್ಯಾರೇಜಿಗೆ ಹೋದಳು.

“ಶಾಕು ಪೂರ್ತಿ ಕೆಳಗೆ ಕೂತಾಗ ಏನಕ್ಕೆ ತಾಗತ್ತೆ?” ಎಂದು ಕೇಳಿದಳು.

ರೇಡಿಯೋ ಕಾರನ್ನು ಮೇಲೆತ್ತಿ, ಚಕ್ರ ಕಳಚಿ ತೋರಿಸಿದ. ಶಾಕಿನ ಹೊಳೆಯುವ ಕಡ್ಡಿಯ ಮೇಲ್ತುದಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ರಬ್ಬರು ಇತ್ತು. “ಇದು ಬಂಪ್ ಸ್ಟಾಪ್. ಕಬ್ಬಿಣಕ್ಕೆ ಕಬ್ಬಿಣ ಬಡೀಬಾರ್ದು ಅಂತ ಕೊನೇ ಕಾವಲುಗಾರ. ದೊಡ್ಡ ಗುಂಡಿ ಬಂದಾಗ ಮಾತ್ರ ಇದಕ್ಕೆ ಕೆಲಸ. ದಿನಾ ಎಬ್ಬಿಸಬಾರ್ದು.”

“ದಿನಾ ಎಬ್ಬಿಸ್ತಿದೀವಾ ಅಂತ ನೋಡೋಣ.”

ಅವಳು ನೀಲಿ ಕಾಗದವನ್ನು ಕತ್ತರಿಸಿ ರಬ್ಬರಿನ ತಳಕ್ಕೆ ಅಂಟಿಸಿದಳು. ರೇಡಿಯೋ ತಲೆ ಕೆರೆದುಕೊಂಡ. ಸಾಮಾನ್ಯವಾಗಿ ತಾನು ಕಡ್ಡಿಗೆ ಗ್ರೀಸು ಹಚ್ಚಿ ನೋಡುವುದುಂಟು, ಆದರೆ ಇದು ಇನ್ನೂ ನಾಜೂಕು ಎಂದು ಒಪ್ಪಿದ. ಅವಳು ಕಾರನ್ನು ಕಲ್ಲುಹಾಸಿನ ಬೀದಿಯವರೆಗೆ ಓಡಿಸಿಕೊಂಡು ಬಂದಳು. ದೊಡ್ಡ ಗುಂಡಿಗೆ ಎಲ್ಲೂ ಇಳಿಸಲಿಲ್ಲ. ಮತ್ತೆ ಚಕ್ರ ಕಳಚಿದಾಗ ನೀಲಿ ಗುರುತು ಹುಡುಕುವ ಅಗತ್ಯವೇ ಇರಲಿಲ್ಲ. ಕಾಗದ ಪುಡಿಯಾಗಿ ಶಾಕಿನ ತಲೆಯೆಲ್ಲ ನೀಲಿಯಾಗಿತ್ತು.

ರೇಡಿಯೋ ಆ ನೀಲಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಆಮೇಲೆ, “ನೀವು ಸ್ಪ್ರಿಂಗ್ ಮೇಲೆ ಓಡಾಡ್ತಾ ಇಲ್ಲ ಮೇಡಂ, ಈ ರಬ್ಬರ್ ಮೇಲೆ ಓಡಾಡ್ತಾ ಇದೀರ. ಅಷ್ಟು ತಗ್ಗಿಸಬಾರ್ದಿತ್ತು. ನಿಮ್ಮ ತಮ್ಮ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ನಿಂತಿದ್ರು, ನಾನೂ ಇಳಿಸ್ತಾ ಹೋದೆ” ಎಂದ.

“ಹಾಗಾದ್ರೆ ಏರಿಸಿ.”

ಏರಿಸಿದ ಮೇಲೆ ಹಂಪಿಗೆ ಹೊಟ್ಟೆ ಉಜ್ಜುವುದು ನಿಂತಿತು. ನೀಲಿ ಕಾಗದ ಹರಿಯದೆ ಉಳಿಯಿತು. ಅವಳು ಗೆದ್ದೆನೆಂದುಕೊಂಡು ಅಪ್ಪನನ್ನು ಕೂರಿಸಿಕೊಂಡು ಓಣಿಯ ತುದಿಯವರೆಗೆ ಹೋದಳು. ಅಪ್ಪನ ಕೈ ಮತ್ತೆ ಬಾಗಿಲಿನ ಹಿಡಿಗೆ ಹೋಯಿತು. ಅವಳು ಕಾರು ತಿರುಗಿಸಿ ಮನೆಗೆ ತಂದಳು.

ರಬ್ಬರಿನ ತಪ್ಪು ಸರಿಹೋಗಿತ್ತು, ಆದರೆ ಸ್ಪ್ರಿಂಗೇ ರೇಸಿನದು. ನಯವಾದ ಟ್ರ್ಯಾಕಿನಲ್ಲಿ ಕಾರು ವಾಲದಂತೆ ಹಿಡಿಯಲು ಮಾಡಿದ್ದು. ಕಲ್ಲುಹಾಸು ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ರೇಡಿಯೋ ಈ ಸಲ ಕೈ ಮುಗಿಯುವುದೊಂದು ಬಾಕಿ. “ಕಂಪನಿ ಮಾಲು ಹಾಕಿಬಿಡೋಣ ಮೇಡಂ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ.” ತನ್ನ ಗ್ಯಾರೇಜಿಗೆ ಬರುತ್ತಿದ್ದ ಅದೇ ಮಾದರಿಯ ಒಂದು ಕಾರನ್ನು, ಅದರ ಒಡೆಯನನ್ನು ಕೇಳಿ, ಅವಳಿಗೆ ಓಡಿಸಲು ಕೊಡಿಸಿದ. ಅದರಲ್ಲಿ ಹೊಸ ಕಂಪನಿ ಶಾಕುಗಳಿದ್ದವು. ಕಲ್ಲುಹಾಸಿನ ಮೇಲೆ ಅದು ಹಿತವಾಗಿಯೇ ಹೋಯಿತು. ಆದರೆ ನದಿ ದಾಟಿ ಬೆಟ್ಟದ ತಿರುವಿಗೆ ಹೋದಾಗ ಮೈ ವಾಲಿಸಿತು. ಎಂಜಿನ್ ಡಬ್ಬದ ಮೇಲೆ ಕುಳಿತ ಹುಡುಗಿ ಕತ್ತು ಚಾಚಿ ನೋಡಿದ ಕಾರು ಇದಲ್ಲ. ಬಹಳ ಜನಕ್ಕೆ ಇಷ್ಟು ಸಾಕು, ತನಗೆ ಸಾಲದು ಎಂದು ಅವಳಿಗೆ ಖಚಿತವಾಯಿತು.

ಅಲ್ಲಿಂದ ಅವಳು ಹೊಸ ಚಾಳಿ ಹಿಡಿದಳು. ಅಂಥ ಕಾರು ಇಟ್ಟುಕೊಂಡವರು ಯಾರೇ ಸಿಗಲಿ, ಯಾವ ಸೆಟ್ಟು ಹಾಕಿದ್ದೀರಿ ಎಂದು ಕೇಳಿ, ಪಕ್ಕದ ಸೀಟಿನಲ್ಲಿ ಒಂದು ಸುತ್ತು ಕೂರಿಸಿಕೊಂಡು ಹೋಗಿ ಎಂದು ದುಂಬಾಲು ಬೀಳುತ್ತಿದ್ದಳು. ಕುಳಿತವಳು ರಸ್ತೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಮೇಲಿನ ಹಲ್ಲನ್ನು ಕೆಳಗಿನ ಹಲ್ಲಿಗೆ ತಾಗೀ ತಾಗದ ಹಾಗೆ ಇಟ್ಟು, ದವಡೆ ಸಡಿಲ ಬಿಟ್ಟು ಕೂರುತ್ತಿದ್ದಳು. ರಸ್ತೆಯ ಪೆಟ್ಟು ಮೈಗೆ ಹೇಗೆ ಬರುತ್ತದೆಂದು ಹಲ್ಲು ಕಟಕಟ ಎನ್ನುವುದರಲ್ಲಿ ಅವಳಿಗೆ ತಿಳಿಯುತ್ತಿತ್ತು.

“ಅಕ್ಕಾ, ಅದಕ್ಕೆಲ್ಲ ಮೀಟರು ಸಿಗತ್ತೆ, ಫೋನಲ್ಲೇ ಬರತ್ತೆ” ಎಂದು ತಮ್ಮ ನಕ್ಕ.

“ನನ್ನ ಮೀಟರು ಬಾಯಲ್ಲೇ ಇದೆ” ಎಂದಳು ಅವಳು. “ಮೂವತ್ತೆರಡು ಮುಳ್ಳು.”

ಒಬ್ಬರ ಕಾರಿನಲ್ಲಿ ಹಲ್ಲು ಗಿಲಕಿಯಾಡಿತು. ಇನ್ನೊಬ್ಬರದು ಮೆತ್ತಗಿತ್ತು, ಆದರೆ ಒಂದು ಹಂಪು ದಾಟಿದ ಮೇಲೆ ತೊಟ್ಟಿಲಾಡಿಸುತ್ತಲೇ ಇತ್ತು. ಒಬ್ಬಾತ ತನ್ನ ಸೆಟ್ಟು ಬಹಳ ಹಿತವೆಂದು ಹೊಗಳಿದ. ಅವನ ಸೀಟಿನ ಮೇಲೆ ದಪ್ಪನೆಯ ದಿಂಬು ಇದ್ದುದನ್ನು ಅವಳು ಇಳಿಯುವಾಗ ಕಂಡಳು. ಥ್ಯಾಂಕ್ಸ್ ಹೇಳಿ ಬಂದಳು.

ಕೊನೆಗೆ ಸಿಕ್ಕವಳು ಒಬ್ಬ ಪಶುವೈದ್ಯೆ. ಅದೇ ಮಾದರಿಯ ಹಳದಿ ಕಾರು, ಹಿಂದಿನ ಕಿಟಕಿಯ ತುಂಬ ನಾಯಿಕೂದಲು. ಆಕೆಯೂ ಕಾರನ್ನು ದಿನವೂ ಓಡಿಸುವವಳೇ, ಊರಾಚೆಯ ಮಣ್ಣುದಾರಿಗೂ ಇಳಿಸುವವಳು. ಹಲ್ಲಕ್ಕ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿದಳು. ಒಂದು ಗುಂಡಿ ಬಂತು. ದಪ್ ಎಂದು ಒಮ್ಮೆ ಸದ್ದಾಯಿತು, ಅಷ್ಟೇ. ಕಾರು ಒಂದು ಮಾತು ಆಡಿ ಸುಮ್ಮನಾದಂತೆ. ಹಲ್ಲು ಹಲ್ಲಿಗೆ ತಾಗಲಿಲ್ಲ. ತಿರುವಿನಲ್ಲಿ ಮೈ ಸ್ವಲ್ಪ ವಾಲಿತು, ತಕ್ಷಣ ಗಟ್ಟಿಯಾಗಿ ನಿಂತಿತು.

“ಡಾಕ್ಟ್ರೇ, ಇದ್ಯಾವುದು?” ಎಂದು ಕಣ್ಣು ಬಿಡದೆಯೇ ಕೇಳಿದಳು.

ಅದು ಅಷ್ಟೇನೂ ಹೆಸರಿಲ್ಲದ ಒಂದು ಸಣ್ಣ ಕಾರ್ಖಾನೆಯ ಮಾಲು. ಎತ್ತರ ಹೊಂದಿಸಬಹುದು, ಆದರೆ ಹೆಚ್ಚು ತಗ್ಗಿಸಲು ಬಿಡುವುದಿಲ್ಲ. ಸ್ಪ್ರಿಂಗು ಮೆತ್ತಗೆ, ಅದರ ಕುಣಿತ ನಿಲ್ಲಿಸುವ ಶಾಕು ಗಟ್ಟಿ, ಮೇಲೆ ಕೆಳಗೆ ಓಡಾಡಲು ಬೇಕಾದಷ್ಟು ಜಾಗ. ಶಾಕಿನ ತುದಿಯಲ್ಲಿ ಒಂದು ತಿರುಪು ಇತ್ತು, ಅದನ್ನು ಕ್ಲಿಕ್ ಕ್ಲಿಕ್ ಎಂದು ತಿರುವಿದರೆ ಬಿಗಿಯೋ ಸಡಿಲವೋ ಮಾಡಿಕೊಳ್ಳಬಹುದು.

“ನೋಡೋಕೆ ಸಾದಾ ಕಾಣತ್ತೆ” ಎಂದಳು ಪಶುವೈದ್ಯೆ, ತುಸು ಸಂಕೋಚದಿಂದ. “ಫೋಟೋದಲ್ಲಿ ಏನೂ ಮಾಡಿಸಿಲ್ಲ ಅನ್ಸತ್ತೆ.”

“ಫೋಟೋಗೆ ಬೆನ್ನುನೋವು ಬರಲ್ವಲ್ಲ” ಎಂದಳು ಹಲ್ಲಕ್ಕ.

ಆ ಸೆಟ್ಟು ಬರುವುದು ತಡವಾಯಿತು. ಆ ದಿನಗಳಲ್ಲೆಲ್ಲ ಅಪ್ಪ ಬಸ್ಸಿನಲ್ಲೇ ಹೋಗುತ್ತಿದ್ದರು. ಅವಳು ಟ್ಯಾಕ್ಸಿ ಮಾಡಿಸುತ್ತೇನೆಂದರೆ ಕೇಳಲಿಲ್ಲ. ಹೊಸತು ಬಂದು ರೇಸಿನ ಸೆಟ್ಟು ಬಿಚ್ಚಿದ ಮೇಲೆ ಅದನ್ನು ತನ್ನ ಕಾರಿಗೆ ಹಾಕಿಸಿಕೊಳ್ಳುತ್ತೇನೆಂದು ತಮ್ಮ ಒಯ್ದ. ಆ ಟ್ರ್ಯಾಕಿನಲ್ಲಿ ಅದು ಅವನಿಗೆ ನಿಜಕ್ಕೂ ಒಗ್ಗಿತು. ಸೆಟ್ಟಿನಲ್ಲಿ ದೋಷವಿರಲಿಲ್ಲ, ಅದು ಮೊದಲು ಬಂದು ಸೇರಿದ ಮನೆ ತಪ್ಪಾಗಿತ್ತು ಅಷ್ಟೇ.

ಹೊಸತು ಬಂದ ದಿನ ರೇಡಿಯೋ ಅದನ್ನು ಜೋಡಿಸುತ್ತ ಕೇಳಿದ: “ತಿರುಪು ಎಲ್ಲಿಡಲಿ? ಮಾಡಿದವರು ಮಧ್ಯದಲ್ಲಿಡಿ ಅಂದಿದಾರೆ.”

“ಪೂರ್ತಿ ಸಡಿಲ ಇಡಿ.”

“ಪೂರ್ತಿ ಬೇಡ ಮೇಡಂ. ಓಲಾಡತ್ತೆ.”

“ನಮ್ಮಪ್ಪನ ಬೆನ್ನು ನಿಮಗೆ ಗೊತ್ತಿಲ್ಲ. ಪೂರ್ತಿ ಸಡಿಲ.”

ರೇಡಿಯೋ ಇಟ್ಟುಕೊಟ್ಟ. ಅವಳು ಒಬ್ಬಳೇ ಸೇತುವೆಯ ಕಡೆಗೆ ಓಡಿಸಿದಳು. ಸೇತುವೆಯ ಮೇಲೆ ಕಾಂಕ್ರೀಟಿನ ಒಂದೊಂದು ಸಂದು ದಾಟುವಾಗಲೂ ಕಾರಿನ ಮೂಗು ಮೇಲೆದ್ದು ಕೆಳಗೆ ಬಿದ್ದು, ದೋಣಿಯ ಹಾಗೆ ಆಡತೊಡಗಿತು. ಸೇತುವೆಯ ತುದಿಯ ತಿರುವಿನಲ್ಲಿ ಒದ್ದೆ ರಸ್ತೆ. ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗಿತು. ಎದುರಿನಿಂದ ಬಂದ ಹಾಲಿನ ವ್ಯಾನು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಸರಿದುಹೋಯಿತು. ಅವಳು ರಸ್ತೆ ಬದಿಗೆ ನಿಲ್ಲಿಸಿ, ಎದೆಬಡಿತ ಇಳಿಯುವವರೆಗೆ ಕೈ ಮಡಿಲಲ್ಲಿಟ್ಟು ಕುಳಿತಳು. ಗ್ಯಾರೇಜಿಗೆ ಮರಳಿ ಬಂದು ಇಳಿದವಳೇ, “ನೀವು ಹೇಳಿದ್ದೇ ಸರಿ, ಮಧ್ಯದಲ್ಲಿಡಿ” ಎಂದಳು.

ರೇಡಿಯೋ ಅದರ ಮೇಲೆ ಒಂದು ಭಾಷಣವನ್ನೇ ಮಾಡಬಹುದಿತ್ತು. ಅವಳ ಮುಖ ನೋಡಿ ಸ್ಪ್ಯಾನರ್ ತೆಗೆದುಕೊಂಡ.

ತಮ್ಮ ಸಂಜೆ ನೋಡಲು ಬಂದ. ಚಕ್ರದ ಮೇಲಿನ ಜಾಗಕ್ಕೆ ಅಂಗೈ ತೂರಿಸಿ, “ಇಲ್ಲಿ ಬೆಕ್ಕು ಸಂಸಾರ ಮಾಡ್ಬಹುದು ಅಕ್ಕಾ” ಎಂದ.

“ಮಾಡ್ಲಿ, ಬಾಡಿಗೆ ಕೇಳಲ್ಲ. ಹೊರಗೆ ನಿಂತು ನೋಡೋನು ನೀನು. ಒಳಗೆ ಕೂರೋರನ್ನ ಕೇಳ್ಬೇಕು.”

ಒಳಗೆ ಕೂರುವವರನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಒಮ್ಮೆ ಓಣಿಯ ತುದಿಯಿಂದ ವಾಪಸಾದದ್ದು ಅಪ್ಪನಿಗೆ ನೆನಪಿತ್ತು. ಮಗಳ ಮುಖ ಮತ್ತೆ ಪೆಚ್ಚಾಗುವುದನ್ನು ನೋಡಲು ಅವರಿಗೆ ಮನಸ್ಸಿರಲಿಲ್ಲ. “ಬಸ್ಸು ಅಭ್ಯಾಸ ಆಗಿಹೋಗಿದೆ ಪುಟ್ಟಿ” ಎಂದರು. ಅವಳು ವಾದಿಸಲಿಲ್ಲ. ಅವರ ಟವೆಲ್ ಚೀಲವನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟು, ಪಕ್ಕದ ಬಾಗಿಲು ತೆರೆದು ನಿಂತಳು. ಗಂಡ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದವನು ಪಂಪು ನಿಲ್ಲಿಸಿ, “ಹೋಗಿ ಬನ್ನಿ ಮಾವ. ಇಲ್ಲಾಂದ್ರೆ ಇವಳು ಹೀಗೇ ಸಂಜೆ ತನಕ ನಿಂತಿರ್ತಾಳೆ” ಎಂದ. ಅಪ್ಪ ಗೊಣಗುತ್ತ ಬಂದು, ಚೌಕಟ್ಟು ಹಿಡಿದು, ಮೆಲ್ಲಗೆ ಸೀಟಿಗೆ ಇಳಿದರು.

ಓಣಿಯ ಹಂಪು ಬಂತು, ಹೋಯಿತು. ರೈಲ್ವೆ ಗೇಟಿನಲ್ಲಿ ಹಳಿಗಳು ಒಂದೊಂದಾಗಿ ಕೆಳಗೆ ಸರಿದವು. ಕಲ್ಲುಹಾಸಿನ ಬೀದಿ ಶುರುವಾದಾಗ ಅವಳು ರಸ್ತೆಗಿಂತ ಹೆಚ್ಚಾಗಿ ಅಪ್ಪನ ಎಡಗೈಯನ್ನು ನೋಡುತ್ತಿದ್ದಳು. ಕೈ ಬಾಗಿಲಿನ ಹಿಡಿಯ ಮೇಲಿತ್ತು. ಹಣ್ಣಿನಂಗಡಿ ದಾಟಿತು, ಗಡಿಯಾರ ರಿಪೇರಿ ಅಂಗಡಿ ದಾಟಿತು. ಕೈ ಹಿಡಿಯಿಂದ ಜಾರಿ ತೊಡೆಯ ಮೇಲೆ ಬಂದು ಕುಳಿತದ್ದು ಯಾವಾಗ ಎಂದು ಅಪ್ಪನಿಗೇ ಗೊತ್ತಿರಲಿಕ್ಕಿಲ್ಲ. ಅವರು ಕಿಟಕಿಯಾಚೆ ನೋಡುತ್ತ, “ಇಲ್ಲಿದ್ದ ದರ್ಜಿ ಅಂಗಡಿ ಯಾವಾಗ ಮುಚ್ಚಿದ್ರು?” ಎಂದು ಕೇಳಿದರು. ಅವರ ದನಿ ನಡುಗಲಿಲ್ಲ.

ಕೊಳದ ಗೇಟು ಬಂತು. ಅವಳು ಸಿಗ್ನಲ್ ಹಾಕಿದಳು.

“ಇಲ್ಲೇ ಯಾಕೆ ತಿರುಗಿಸ್ತೀಯ? ಮುಂದೆ ಹೋಗು” ಎಂದರು ಅಪ್ಪ.

“ವ್ಯಾಯಾಮ ತಪ್ಪತ್ತೆ ಅಪ್ಪಾ.”

“ನೀರು ಎಲ್ಲೂ ಹೋಗಲ್ಲ.”

ಸೇತುವೆ ದಾಟಿದರು. ಸಂದುಗಳ ಮೇಲೆ ಕಾರು ದಪ್ ದಪ್ ಎಂದು ಲೆಕ್ಕ ಒಪ್ಪಿಸುತ್ತ ನೆಟ್ಟಗೆ ಹೋಯಿತು. ಬೆಟ್ಟದ ರಸ್ತೆಯ ಮೊದಲ ತಿರುವಿನಲ್ಲಿ ಅವಳು ಹುಷಾರಾಗಿ ನಿಧಾನ ಮಾಡಿದಳು.

“ಏನಿದು, ನಾನು ಬಸ್ಸನ್ನೇ ಇದಕ್ಕಿಂತ ಜೋರಾಗಿ ತಿರುಗಿಸ್ತಿದ್ದೆ” ಎಂದರು ಅಪ್ಪ.

ಎರಡನೆಯ ತಿರುವಿನಲ್ಲಿ ಅವಳು ನಿಧಾನ ಮಾಡಲಿಲ್ಲ. ಕಾರು ಒಂದು ಭುಜವನ್ನು ತುಸು ತಗ್ಗಿಸಿ, ರಸ್ತೆಯನ್ನು ಕಚ್ಚಿ ಹಿಡಿದು ತಿರುಗಿತು. ಮುಂದೆ ಬಸ್ಸೊಂದು ಏದುಸಿರು ಬಿಡುತ್ತ ಹತ್ತುತ್ತಿತ್ತು. ರಸ್ತೆ ತೆರವಿದ್ದಲ್ಲಿ ಅದನ್ನು ದಾಟಿ ಮುಂದೆ ಹೋದರು. ಅಪ್ಪ ಕತ್ತು ತಿರುಗಿಸಿ ಆ ಡ್ರೈವರನ ಮುಖ ನೋಡಿದರು. “ಬೈತಿದಾನೆ” ಎಂದರು, ತೃಪ್ತಿಯಿಂದ.

ಅಂದು ಕೊಳಕ್ಕೂ ತಡವಾಯಿತು, ಲ್ಯಾಬಿಗೂ ತಡವಾಯಿತು. ಮುದುಕಿಯೊಬ್ಬಳ ಹಲ್ಲು ಮಧ್ಯಾಹ್ನದವರೆಗೆ ಕಾಯಬೇಕಾಯಿತು.

ಮರುದಿನದಿಂದ ಅಪ್ಪ ಬಸ್ಸಿನ ಮಾತೆತ್ತಲಿಲ್ಲ. ಬೆನ್ನು ನೆಟ್ಟಗಾಯಿತೆಂದು ಹೇಳಲಾಗದು, ಆ ವಯಸ್ಸಿಗೆ ಅದು ಆಗುವಂಥದ್ದೂ ಅಲ್ಲ. ಆದರೆ ಕೊಳದ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯುವಷ್ಟು ಹುಷಾರಾದರು. ಜೊತೆಗೆ ಬೇರೊಂದು ಕಾಯಿಲೆ ಹತ್ತಿಕೊಂಡಿತು. ಆ ತಿರುಪಿನ ವಿಷಯ ಅವರಿಗೆ ಗೊತ್ತಾಗಿಬಿಟ್ಟಿತ್ತು. ಒಂದು ಬೆಳಿಗ್ಗೆ, “ಹಿಂದೆ ಸ್ವಲ್ಪ ಬಿಗಿ ಅನ್ಸತ್ತೆ ಪುಟ್ಟಿ. ಒಂದು ಕ್ಲಿಕ್ ಸಡಿಲ ಮಾಡು” ಎಂದರು. ಹೊತ್ತಾಗಿತ್ತು. ಅವಳು ಇಳಿದು, ಹಿಂದಿನ ಚಕ್ರದ ಬಳಿ ಬಗ್ಗಿ, ಏನನ್ನೂ ಮುಟ್ಟದೆ ನಾಲಿಗೆಯಿಂದ ಟಕ್ ಎನಿಸಿ ಎದ್ದು ಬಂದಳು.

ಕಲ್ಲುಹಾಸಿನ ಬೀದಿ ಮುಗಿಯುವಾಗ ಅಪ್ಪ ತಲೆಯಾಡಿಸಿದರು. “ಈಗ ಸರಿಯಾಯ್ತು ನೋಡು.”

ಅವಳು ಬಹಳ ಕಷ್ಟಪಟ್ಟು ಮುಖ ಗಂಭೀರವಾಗಿಟ್ಟುಕೊಂಡಳು. ಆದರೆ ಎಣ್ಣೆ ಬದಲಿಸಲು ಗ್ಯಾರೇಜಿಗೆ ಹೋದಾಗ ರೇಡಿಯೋ ತನಗೆ ಸರಿಕಂಡು, ಅವಳಿಗೂ ಹೇಳದೆ ಮುಂದಿನ ಚಕ್ರಗಳ ತಿರುಪನ್ನು ಒಂದೇ ಒಂದು ಕ್ಲಿಕ್ ಬಿಗಿ ಮಾಡಿ ಕಳಿಸಿದ್ದ. ಅವಳಿಗೆ ಏನೂ ತಿಳಿಯಲಿಲ್ಲ. ಮರುದಿನ ಅಪ್ಪ ಓಣಿಯ ಹಂಪು ದಾಟಿದ್ದೇ ತಡ, “ಮುಂದೆ ಯಾರೋ ಕೈ ಹಾಕಿದಾರೆ” ಎಂದರು.

ಅವಳು ಗ್ಯಾರೇಜಿಗೆ ಫೋನು ಮಾಡಿ ಕೇಳಿದಾಗ ರೇಡಿಯೋ ಒಪ್ಪಿಕೊಂಡ. ಅಂದಿನಿಂದ ಅವಳು ಅಪ್ಪ ಹೇಳಿದಾಗಲೆಲ್ಲ ಇಳಿದು, ಬಗ್ಗಿ, ನಿಜವಾಗಿಯೇ ತಿರುಪನ್ನು ತಿರುವುತ್ತಾಳೆ.